ಈರಣ್ಣನವರ ಮನೆ ಯಾವುದು?

ರಾಚವ್ವನ ಎಡತೋಳಿನ ಮೇಲೆ, ಮೊಣಕೈಗಿಂತ ತುಸು ಮೇಲಕ್ಕೆ, ಎಳೆ ವೀಳ್ಯದೆಲೆಯಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ಸುಟ್ಟ ಗಾಯ ಮಾಯ್ದ ಮೇಲೆ ಉಳಿಯುವಂಥ ದಪ್ಪ, ಸುಕ್ಕುಗಟ್ಟಿದ ಚರ್ಮ. ಮುಂಬಯಿಯ ಗೋರೆಗಾಂವ್‌ನಲ್ಲಿ ಅವಳಿದ್ದ ಚಾಳಿನ ಹೆಂಗಸರೆಲ್ಲ ಬೇಸಿಗೆಯ ಸೆಕೆಗೆ ಗಿಡ್ಡ ತೋಳಿನ ಪೋಲಕ ತೊಟ್ಟು ಗ್ಯಾಲರಿಯಲ್ಲಿ ಗಾಳಿಗೆ ಕೂತಾಗಲೂ ರಾಚವ್ವ ಮಾತ್ರ ಮೊಣಕೈ ಮುಚ್ಚುವ ಕುಪ್ಪಸದಲ್ಲೇ ಬೆವರುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಗಂಡ ಬಸವಂತಪ್ಪ ಅದನ್ನು ನೋಡಿ, "ಇದೇನ?" ಎಂದು ಕೇಳಿದ್ದ.

"ಸಣ್ಣಾಕಿದ್ದಾಗ ಬಜಿ ಎಣ್ಣಿ ಸಿಡೀತ್ರಿ," ಎಂದಿದ್ದಳು. ಅವ್ವ ಹೇಳಿಕೊಟ್ಟ ಮಾತು.

ಬಸವಂತಪ್ಪ ಆ ಕಲೆಯ ಮೇಲೆ ಮೆಲ್ಲಗೆ ಊದಿದ್ದ, ಅದು ಇನ್ನೂ ಉರಿಯುತ್ತಿದೆಯೇನೋ ಎಂಬಂತೆ. ರಾಚವ್ವ ಮುಖ ಆಚೆ ತಿರುಗಿಸಿಕೊಂಡಿದ್ದಳು. ಹೊಸ ಮದುಮಗಳ ಲಜ್ಜೆ ಎಂದು ಅವನು ತಿಳಿದ. ಅದು ಲಜ್ಜೆಯಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಊದಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಎಣ್ಣೆ ಸಿಡಿದದ್ದು ಸುಳ್ಳು. ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ ಅವಳಿಗೆ ಏಳನೆಯ ವಯಸ್ಸಿಗೇ ಮದುವೆಯಾಗಿತ್ತು. ಗಂಡ ಶಾಲೆ ಮಾಸ್ತರರ ಮಗ, ಈರಣ್ಣ, ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವನು. ಮಾವನಿಗೆ ತನ್ನ ಅಕ್ಷರದ ಮೇಲೆ ಬಲು ಅಭಿಮಾನ. ಹಚ್ಚೆ ಹಾಕುವ ಹೆಂಗಸು ಊರಿಗೆ ಬಂದಾಗ ಬೇರೆ ಹುಡುಗಿಯರೆಲ್ಲ ಚುಕ್ಕಿ, ಬಳ್ಳಿ ಚುಚ್ಚಿಸಿಕೊಂಡರು. ಮಾಸ್ತರರು ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಮಸಿಯಲ್ಲಿ ಅದ್ದಿದ ಟಾಕಿನಿಂದ ಅವಳ ತೋಳಿನ ಮೇಲೆ ಮಗನ ಹೆಸರನ್ನು ತಾವೇ ಬರೆದು, ಅದರ ಮೇಲೆಯೇ ಚುಚ್ಚಿಸಿದರು. ಮರುವರ್ಷ ಈರಣ್ಣ ಜ್ವರ ಬಂದು ತೀರಿಕೊಂಡ.

ಅವರ ಜನದಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆಯೇ ಇಲ್ಲವೆಂದಲ್ಲ. ಉಡಿಕೆ ಮಾಡಿ ಕೊಡುತ್ತಿದ್ದರು. ಆದರೆ ಉಡಿಕೆಯಾದವಳಿಗೆ ಮದುವೆಯ ಹೆಣ್ಣಿನ ಮಾನವಿಲ್ಲ. ನಾಲ್ಕು ಜನರ ಮುಂದೆ ಆರತಿ ಎತ್ತುವಂತಿಲ್ಲ, ಮದುಮಕ್ಕಳಿಗೆ ಅರಿಸಿನ ಹಚ್ಚುವಂತಿಲ್ಲ. ಸಿಗುವ ಗಂಡೂ ಹೆಂಡತಿ ಸತ್ತವನೇ, ವಯಸ್ಸಾದವನೇ. ಒಬ್ಬಳೇ ಮಗಳಿಗೆ ಅಂಥ ಬಾಳು ಬೇಡವೆಂದು ಅಪ್ಪ ಆ ಸೀಮೆಯನ್ನೇ ಬಿಟ್ಟು ವಿಜಾಪುರದ ಕಡೆ ಹೆಂಡತಿಯ ತವರಿಗೆ ಬಂದು ನೆಲೆಸಿದ. ಅವ್ವ ಅಗಸರು ಬಟ್ಟೆಗೆ ಗುರುತು ಹಾಕುವ ಕೇರುಬೀಜ ತಂದು, ಅದರ ಎಣ್ಣೆಯನ್ನು ಸುಣ್ಣದಲ್ಲಿ ಕಲಸಿ ಮಗಳ ತೋಳಿಗೆ ಮೆತ್ತಿದಳು. ತೋಳು ಬೆಂದು, ಬಾತು, ಕೀವಾಗಿ, ಕೊನೆಗೆ ಕಪ್ಪು ಕಟ್ಟಿತು.

"ಆ ಹೆಸರು ಮೈಮ್ಯಾಲೂ ಬ್ಯಾಡ, ಬಾಯಾಗೂ ಬ್ಯಾಡ," ಎಂದಿದ್ದಳು ಅವ್ವ. ರಾಚವ್ವ ಹಾಗೆಯೇ ಇದ್ದಳು. ಹದಿನೆಂಟಕ್ಕೆ ಬಸವಂತಪ್ಪನ ಕೈಹಿಡಿದು ಮುಂಬಯಿಗೆ ಬಂದಳು. ಅವನು ಲೋಅರ್ ಪರೇಲಿನ ಗಿರಣಿಯೊಂದರ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅತ್ತೆ ಚಂದ್ರವ್ವ. ಮಕ್ಕಳಾಗಿರಲಿಲ್ಲ. ಅದು ತನ್ನ ಸುಳ್ಳಿಗೆ ಶಿವ ಕೊಟ್ಟ ಶಿಕ್ಷೆಯೆಂದು ರಾಚವ್ವ ಒಳಗೊಳಗೇ ನಂಬಿಕೊಂಡಿದ್ದಳು.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಕಲೆಯ ಅಂಚಿಗೆ ಹೊಸದೊಂದು ಕರಿ ಚುಕ್ಕೆ ಎದ್ದಿತು. ಮೊದಲು ಸಾಸಿವೆಯಷ್ಟು, ಆಮೇಲೆ ತೊಗರಿಬೇಳೆಯಷ್ಟು. ದೀಪಾವಳಿಯ ಹೊತ್ತಿಗೆ ಅದು ಅಂಚು ಹರಿದ ಹುಣಸೆಬೀಜದಂತಾಗಿ, ಕುಪ್ಪಸದ ತೋಳು ಉಜ್ಜಿದರೆ ರಕ್ತ ಜಿನುಗತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಅರಿಸಿನ ಒತ್ತಿ ಬಟ್ಟೆ ಸುತ್ತಿದಳು. ನಳದ ಹತ್ತಿರ ಕೊಡ ಎತ್ತುವಾಗ ಒಂದು ದಿನ ಕುಪ್ಪಸದ ಮೇಲೆಲ್ಲ ಕೆಂಪು ಹರಡಿದ್ದನ್ನು ಬಸವಂತಪ್ಪ ನೋಡಿದ.

"ಎಷ್ಟ ದಿನ ಆತು ಇದಕ್ಕ?"

"ಈಗೀಗ್ರಿ."

"ಸುಳ್ಳ ಹೇಳಬ್ಯಾಡ."

ಗಿರಣಿಯ ಡಾಕ್ಟರು ನೋಡಿ, ಇದು ತಮ್ಮ ಕೈಯಲ್ಲಿ ಆಗುವುದಲ್ಲವೆಂದು ಗಿರಗಾಂವ್‌ನ ಒಂದು ಧರ್ಮಾರ್ಥ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಚೀಟಿ ಕೊಟ್ಟರು. ಬಸವಂತಪ್ಪ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದು ಹೆಂಡತಿಗೆ ಧೈರ್ಯ ಹೇಳಿದ: "ಅಲ್ಲಿ ಹೊಸಾ ದುರ್ಬೀನ ಬಂದೈತಂತ. ಕೊಯ್ಯೂದ ಬ್ಯಾಡ, ಚುಚ್ಚೂದ ಬ್ಯಾಡ. ಮ್ಯಾಲೆ ಇಟ್ಟು ನೋಡಿದ್ರ ಸಾಕು, ಚರ್ಮದ ಒಳಗಿಂದೆಲ್ಲಾ ಕಾಣತೈತಂತ."

ರಾಚವ್ವನಿಗೆ ರೋಗಕ್ಕಿಂತ ಆ ಮಾತೇ ಹೆಚ್ಚು ಭಯ ಹುಟ್ಟಿಸಿತು.

ಲೋಕಲ್‌ನಲ್ಲಿ ಚರ್ನಿ ರೋಡಿಗೆ ಹೋಗಿ ಇಳಿದರು. ಡಾಕ್ಟರ್ ಕರ್ಣಿಕ್ ವಯಸ್ಸಾದವರು, ಮೆದು ಮಾತಿನ ಮರಾಠಿ ಮನುಷ್ಯ. ಕಲೆ ಹೇಗಾಯಿತೆಂದು ಕೇಳಿದರು. ಎಣ್ಣೆ ಸಿಡಿದದ್ದೆಂದು ಬಸವಂತಪ್ಪನೇ ಹೆಂಡತಿಯ ಪರವಾಗಿ ಹೇಳಿದ, ತಾನೇ ಕಣ್ಣಾರೆ ನೋಡಿದವನ ಹಾಗೆ. ರಾಚವ್ವ ನೆಲ ನೋಡುತ್ತಿದ್ದಳು.

ಕಿಟಕಿಯ ಬಳಿಯ ಮೇಜಿನ ಮೇಲೆ ಕಬ್ಬಿಣದ ತೋಳಿಗೆ ತೂಗುಹಾಕಿದ ಸೂಕ್ಷ್ಮದರ್ಶಕವಿತ್ತು. ಅವಳ ತೋಳು ಅಲುಗದಂತೆ ಮರಳಿನ ಚೀಲದ ಮೇಲೆ ಇರಿಸಿ ಪಟ್ಟಿ ಬಿಗಿದರು. ಡಾಕ್ಟರು ಕಲೆಯ ಮೇಲೆ ಎಣ್ಣೆಯ ಹನಿ ಬಿಟ್ಟು, ತೆಳ್ಳನೆಯ ಗಾಜು ಒತ್ತಿ, ಓರೆಯಾಗಿ ದೀಪ ಹಿಡಿದರು. ಒದ್ದೆಯಾದ ಕಾಗದದ ಆಚೆ ಬದಿಯ ಬರಹ ಈಚೆಗೆ ಕಾಣುತ್ತದಲ್ಲ, ಹಾಗೆ ಎಣ್ಣೆ ಹಾಕಿದರೆ ಮೇಲಿನ ಚರ್ಮ ತಿಳಿಯಾಗಿ ಕೆಳಗಿನ ಬಣ್ಣ ಕಾಣುತ್ತದೆಂದು ಅವರು ಬಸವಂತಪ್ಪನಿಗೆ ವಿವರಿಸಿದರು. ಬಣ್ಣ ಮೇಲೆಯೇ ಇದ್ದರೆ ಕಂದು. ಆಳಕ್ಕೆ ಹೋದಂತೆ ಅದೇ ಬಣ್ಣ ನೀಲಿಯಾಗಿ ಕಾಣುತ್ತದೆ.

ಬಹಳ ಹೊತ್ತು ನೋಡಿದರು. ಹೊಸ ಚುಕ್ಕೆಯ ಹತ್ತಿರ ಬಂದಾಗ ಅವರ ಮುಖ ಬಿಗಿಯಿತು. ಹಳೆಯ ಕಲೆಯ ಕಡೆ ಸರಿದಾಗ, "ಇಲ್ಲಿ ಬೇರೇನೋ ಇದೆ. ನೀಲಿ ಪುಡಿ ಚೆಲ್ಲಿದ ಹಾಗೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ದುರ್ಬೀನಿನಲ್ಲಿ ಒಮ್ಮೆಗೆ ಕಾಣುವುದು ಕಾಳಿನಷ್ಟು ಜಾಗ. ಇಡೀ ಕಲೆಯ ಚಿತ್ರ ಬೇಕೆಂದು ಅವರು ಚಿತ್ರಗಾರನನ್ನು ಕರೆಸಿ, ತಾವು ಬೇರೆ ರೋಗಿಗಳ ಕಡೆ ಹೋದರು.

ಬಂದವನು ಸದಾನಂದ. ಕಾಪುವಿನ ಕಡೆಯ ಹುಡುಗ, ಮುಂಬಯಿಯಲ್ಲಿ ಚಿತ್ರ ಕಲಿತು ಆಸ್ಪತ್ರೆಯಲ್ಲಿ ರೋಗದ ಚಿತ್ರ ಬರೆಯುವ ಕೆಲಸಕ್ಕಿದ್ದ. ಭಾನುವಾರ ಗೋರೆಗಾಂವ್‌ನ ಸಿನಿಮಾ ಸ್ಟುಡಿಯೋದಲ್ಲಿ ಪರದೆ ಬರೆಯಲು ಹೋಗುತ್ತಿದ್ದ. ಗಂಡಹೆಂಡಿರ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

"ನಿಮ್ಮದು ಕನ್ನಡವಾ? ಅಯ್ಯೋ ಮಾರಾಯ್ರೆ, ಈ ಆಸ್ಪತ್ರೆಯಲ್ಲಿ ಕನ್ನಡ ಕೇಳದೆ ಎಷ್ಟು ತಿಂಗಳಾಯಿತು! ಹೆದರಬೇಡಿ ಅಕ್ಕ, ನೋವು ಎಂಥದ್ದೂ ಇಲ್ಲ. ಕೈ ಒಂದು ಅಲ್ಲಾಡಿಸಬೇಡಿ, ಆಯ್ತಾ?"

ಸೂಕ್ಷ್ಮದರ್ಶಕದ ಕಣ್ಣಿಗೆ ಅವನು ಒಂದು ಚಿಕ್ಕ ಕನ್ನಡಿ ಸಿಕ್ಕಿಸಿದ. ಒಳಗೆ ಕಂಡದ್ದು ಪಕ್ಕದ ಕಾಗದದ ಮೇಲೆ ಬಿದ್ದಂತೆ ತೋರುತ್ತಿತ್ತು. ಅದರ ಮೇಲೆ ಪೆನ್ಸಿಲ್ ಓಡಿಸಿ ಒಂದು ವೃತ್ತ ಮುಗಿಸುತ್ತಿದ್ದ, ದುರ್ಬೀನನ್ನು ಕಾಳಿನಷ್ಟು ಪಕ್ಕಕ್ಕೆ ಸರಿಸಿ ಮುಂದಿನ ವೃತ್ತ ಶುರುಮಾಡುತ್ತಿದ್ದ. ಕೆಲಸದ ಜೊತೆಗೆ ಮಾತು: ಬಸವಂತಪ್ಪನ ಊರು, ಗಿರಣಿ, ಬಾಂದ್ರಾದಲ್ಲಿ ಒಳ್ಳೆ ಇಡ್ಲಿ ಸಿಗುವ ಹೋಟೆಲು. ಬಸವಂತಪ್ಪನಿಗೂ ಹುಡುಗ ಹಿಡಿಸಿದ. ರಾಚವ್ವನಿಗೆ ಒಂದೂ ಮಾತು ಕಿವಿಗೆ ಇಳಿಯಲಿಲ್ಲ. ಅವಳಿಗೆ ಓದು ಬಾರದು. ಚರ್ಮ ಸುಟ್ಟ ಮೇಲೆ ಅಕ್ಷರವೂ ಸುಟ್ಟಿತೆಂದು ಅವ್ವ ಹೇಳಿದ್ದನ್ನೇ ನಂಬಿದ್ದಳು. ಆದರೆ ಡಾಕ್ಟರು 'ನೀಲಿ ಪುಡಿ' ಎಂದ ಮೇಲೆ ಆ ನಂಬಿಕೆ ಅಲುಗಾಡಿತ್ತು.

ಸದಾನಂದ ವೃತ್ತಗಳನ್ನು ಕತ್ತರಿಸಿ ದೊಡ್ಡ ಹಾಳೆಯ ಮೇಲೆ ಒಂದರ ಪಕ್ಕ ಒಂದು ಹೊಂದಿಸಿದ. ಸ್ವಲ್ಪ ಹಿಂದೆ ಸರಿದು ನೋಡಿದವನು ತಲೆ ಓರೆ ಮಾಡಿದ.

"ಇದೆಂಥ ಗಮ್ಮತ್ತು! ಇಲ್ಲಿ ಬನ್ನಿ, ನೋಡಿ. ಈ ನೀಲಿ ಚುಕ್ಕೆಗಳು ಸುಮ್ಮನೆ ಚೆಲ್ಲಿದ್ದಲ್ಲ. ಇದು ಅಕ್ಷರ! ನಮ್ಮದೇ ಅಕ್ಷರ! ಇದು 'ಈ'... ಇದು 'ರ'... ಇಲ್ಲಿ ಒತ್ತು ಉಂಟು, ಣಕ್ಕೆ ಣ. ಈರಣ್ಣ!" ಸಂತೋಷದಿಂದ ಬಸವಂತಪ್ಪನ ಕಡೆ ತಿರುಗಿದ. "ಹೆಂಡತಿ ಕೈಯಲ್ಲಿ ಹೆಸರು ಬರೆಸಿಕೊಂಡಿದ್ದೀರಿ, ಹೇಳಲೇ ಇಲ್ಲವಲ್ಲ! ನಿಮ್ಮನ್ನು ಮನೆಯಲ್ಲಿ ಈರಣ್ಣ ಅನ್ನುವುದಾ?"

ರಾಚವ್ವ ಕಣ್ಣು ಮುಚ್ಚಿದಳು. ತೋಳಿಗೆ ಪಟ್ಟಿ ಬಿಗಿದಿತ್ತು. ಎದ್ದು ಓಡುವ ಹಾಗಿರಲಿಲ್ಲ. ಬಸವಂತಪ್ಪ ಹಾಳೆಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅಷ್ಟರಲ್ಲಿ ಡಾಕ್ಟರು ವಾಪಸು ಬಂದಿದ್ದರು, ಅವರ ಹಿಂದೆ ಇಬ್ಬರು ವಿದ್ಯಾರ್ಥಿಗಳು. ಎಲ್ಲರೂ ಅವನ ಉತ್ತರಕ್ಕೆ ಕಾಯುತ್ತಿದ್ದರು.

"ಹೌದು," ಎಂದ ಬಸವಂತಪ್ಪ. "ಮನ್ಯಾಗ ಈರಣ್ಣ ಅಂತನ ಕರೀತಾರ."

ಸದಾನಂದ ಅದನ್ನು ಮರಾಠಿಯಲ್ಲಿ ತಿಳಿಸಿದಾಗ ಡಾಕ್ಟರು ನಕ್ಕು, ಚಿತ್ರದ ಕೆಳಗೆ 'ಹಚ್ಚೆ: ಗಂಡನ ಹೆಸರು' ಎಂದು ಬರೆದರು. ಹೊಸ ಚುಕ್ಕೆಯ ಅಂಚಿನಿಂದ ಒಂದು ಚೂರು ಕತ್ತರಿಸಿ ಶೀಶೆಗೆ ಹಾಕಿ, ಮುಂದಿನ ವಾರ ಬರಹೇಳಿದರು.

ಗಾಡಿಯಲ್ಲಿ ಅವನು ಬಾಗಿಲ ಬಳಿ ನಿಂತ. ಅವಳು ಹೆಂಗಸರ ಡಬ್ಬಿಯಲ್ಲಿ ಕೂತಳು. ಮನೆಯಲ್ಲಿ ಚಂದ್ರವ್ವ, "ಏನಂದ್ರು?" ಎಂದಾಗ, "ಏನೂ ಇಲ್ಲ," ಎಂದು ಕೈಕಾಲು ತೊಳೆಯಲು ಹೋದ.

ಅವನು ಕೇಳಲೇ ಇಲ್ಲ. ಆ ವಾರವೆಲ್ಲ ರಾಚವ್ವ ಕಾದಳು. ರೊಟ್ಟಿ ಬಡಿಸುವಾಗ, ನೀರು ಕೊಡುವಾಗ, ಈಗ ಕೇಳಿಯಾನು, ಈಗ ಹೊಡೆದಾನು ಎಂದು ಕಾದಳು. ಅವನು ತಟ್ಟೆ ನೋಡಿಕೊಂಡು ಉಂಡು, ಗ್ಯಾಲರಿಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ತಾನೇ ಬಾಯಿಬಿಡೋಣವೆಂದರೆ ಎಲ್ಲಿಂದ ಶುರುಮಾಡುವುದೆಂದು ತಿಳಿಯದು. ಸತ್ತ ಆ ಹುಡುಗನ ಮುಖವೂ ಅವಳಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಒಂದೇ: ಊರಬಾವಿಯ ಒಳಗಿದ್ದ ಆಮೆಯನ್ನು ತೋರಿಸುತ್ತೇನೆಂದು ಅವನು ಕರೆದುಕೊಂಡು ಹೋಗಿದ್ದ, ಇಬ್ಬರೂ ಕಟ್ಟೆಯ ಮೇಲೆ ಬೋರಲು ಮಲಗಿ ಆಮೆ ಮೇಲೆ ಬರಲೆಂದು ಕೂಗಿದ್ದರು. ಅಷ್ಟಕ್ಕೆ ಗಂಡ ಎನ್ನುವುದು ಹೇಗೆ? ಅಲ್ಲ ಎನ್ನುವುದಾದರೂ ಹೇಗೆ?

ಮುಂದಿನ ವಾರ ಆಸ್ಪತ್ರೆಯ ಮೆಟ್ಟಿಲಲ್ಲೇ ಸದಾನಂದ ಎದುರಾದ. "ಬನ್ನಿ ಬನ್ನಿ, ಈರಣ್ಣನವರೇ!"

ಬಸವಂತಪ್ಪ ಕೈಮುಗಿದ. ಆ ಹೆಸರಿಗೆ ಅವನು ಕೈಮುಗಿದದ್ದನ್ನು ನೋಡಿ ರಾಚವ್ವನಿಗೆ ಸೆರಗು ಬಾಯಿಗೆ ಒತ್ತಿಕೊಳ್ಳುವಂತಾಯಿತು. ಸದಾನಂದ ಒಳಗೂ ಜೊತೆಗೇ ಬಂದ, ಹೋದಲ್ಲೆಲ್ಲ ಅದೇ ಹೆಸರು. ಈರಣ್ಣನವರಿಗೆ ಕುರ್ಚಿ ಕೊಡಿ. ಈರಣ್ಣನವರೇ, ಚಹಾ ತರಿಸಲಾ?

ಡಾಕ್ಟರ್ ಕರ್ಣಿಕ್ ಬಾಗಿಲು ಹಾಕಿಕೊಂಡು ಮಾತಾಡಿದರು. ತೋಳಿನಲ್ಲಿ ಎರಡು ಬಗೆಯ ಕಪ್ಪು ಇದೆ. ಒಂದು ಹಚ್ಚೆಯ ಮಸಿ, ಇನ್ನೊಂದು ಮೈಯೇ ಹುಟ್ಟಿಸುವ ಬಣ್ಣ. ಕತ್ತರಿಸಿದ ಚೂರನ್ನು ತೆಳುವಾಗಿ ಹೆರೆದು, ಬಣ್ಣ ಕಳೆಯುವ ಔಷಧದಲ್ಲಿ ಇಟ್ಟು, ಮತ್ತೆ ದುರ್ಬೀನಿನಲ್ಲಿ ನೋಡಿದ್ದಾರೆ. ಮಸಿಗೆ ಆ ಔಷಧ ತಾಗುವುದಿಲ್ಲ. ಮೈಯ ಬಣ್ಣ ತೊಳೆದುಹೋಗುತ್ತದೆ. ಹೊಸ ಚುಕ್ಕೆಯ ಕಪ್ಪು ತೊಳೆದುಹೋಯಿತು. ಅದರ ಕೆಳಗೆ ಕಂಡ ಕಣಗಳು ಒಳ್ಳೆಯವಲ್ಲ.

"ಕೆಟ್ಟ ಗಡ್ಡೆ. ಇನ್ನೂ ಆಳಕ್ಕೆ ಇಳಿದಿಲ್ಲ. ಕಲೆಯ ಸಮೇತ ಅಗಲವಾಗಿ ತೆಗೆದುಬಿಟ್ಟರೆ ಉಳಿಯುವ ಸಂಭವ ಚೆನ್ನಾಗಿದೆ. ಸೋಮವಾರ ಕರೆದುಕೊಂಡು ಬನ್ನಿ, ಹಾಸಿಗೆ ಇಟ್ಟಿರುತ್ತೇನೆ."

ಹೊರಗೆ ಬಂದು ಟ್ರ್ಯಾಮ್ ರಸ್ತೆಯ ಪಕ್ಕದ ಗೋಡೆಯ ನೆರಳಿಗೆ ನಿಂತಾಗ ಬಸವಂತಪ್ಪ ಮೊದಲ ಸಲ ಕೇಳಿದ.

"ಯಾರವ?"

ರಾಚವ್ವ ಹೇಳಿದಳು. ಮದುವೆ, ಮಾಸ್ತರರು, ಜ್ವರ, ಕೇರುಬೀಜ. ಹೇಳಲು ಇಷ್ಟು ಸ್ವಲ್ಪವೇ ಇತ್ತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

"ಅಂದ್ರ ನೀ ಉಡಿಕಿ ಹೆಣ್ಣು," ಎಂದ ಅವನು. "ನಿಮ್ಮಪ್ಪಗ ಗೊತ್ತು, ನಿಮ್ಮವ್ವಗ ಗೊತ್ತು, ನಿನಗ ಗೊತ್ತು. ನನಗೊಬ್ಬನಿಗೆ ಗೊತ್ತಿಲ್ಲ. ಎಣ್ಣಿ ಸಿಡೀತು ಅಂದಿ, ನಾ ಊದಿದೆ."

"ತಪ್ಪಾತ್ರಿ."

"ಸತ್ತವನ ಹೆಸರು ನನ್ನ ತಲೀಮ್ಯಾಲೆ ಹೊತ್ಕೊಂಡು ಅಡ್ಡ್ಯಾಡಾಕತ್ತೇನಿ. ಬರ್ರಿ ಈರಣ್ಣ, ಕುಂಡ್ರಿ ಈರಣ್ಣ..." ಅವನ ದನಿ ಒಡೆಯಿತು. ದಾರಿಹೋಕರು ನೋಡುತ್ತಿದ್ದುದರಿಂದ ಸ್ಟೇಷನ್ನಿನ ಕಡೆ ನಡೆದ.

ಸೋಮವಾರ ಬಂತು. ಬಸವಂತಪ್ಪ ಎಂದಿನಂತೆ ಡಬ್ಬಿ ಹಿಡಿದು ಗಿರಣಿಗೆ ಹೊರಟ. "ರಜಾ ಸಿಗಲಿಲ್ಲ, ಮುಂದಿನ ವಾರ ನೋಡೂಣು," ಎಂದ, ಅವಳ ಮುಖ ನೋಡದೆ. ಮುಂದಿನ ವಾರ ಲೆಕ್ಕ ತಪಾಸಣೆ ಎಂದ. ಅದರ ಮುಂದಿನ ವಾರ ಏನೂ ಹೇಳಲಿಲ್ಲ. ರಾಚವ್ವ ಒತ್ತಾಯಿಸಲಿಲ್ಲ. ತನಗಾಗಿ ಕೇಳುವ ಹಕ್ಕನ್ನು ತಾನು ಕಳೆದುಕೊಂಡಿದ್ದೇನೆ ಎಂದೇ ಅವಳಿಗೆ ಅನಿಸಿತ್ತು. ಚುಕ್ಕೆಯ ಅಂಚು ಮತ್ತೆ ಬೆಳೆಯುತ್ತಿದ್ದುದನ್ನು ಬಟ್ಟೆ ಬಿಚ್ಚಿ ನೋಡುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಚಾಳಿನ ಅಂಗಳದಲ್ಲಿ ಯಾರೋ ಹಿಂದಿಯಲ್ಲಿ ವಿಚಾರಿಸುತ್ತಿದ್ದರು. ಈರಣ್ಣ ಅನ್ನುವವರ ಮನೆ ಯಾವುದು? ಈರಣ್ಣನೆಂಬ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕನ್ನಡದವರು, ಗಿರಣಿ ಗುಮಾಸ್ತರು, ಹೆಂಡತಿಯ ತೋಳಿಗೆ ಹುಷಾರಿಲ್ಲ ಎಂದ ಮೇಲೆ ಒಬ್ಬಾಕೆ ಮೇಲಿನ ಮಹಡಿಗೆ ಕೈತೋರಿದಳು. ಸದಾನಂದ ಮೆಟ್ಟಿಲೇರಿ ಬಂದ. ಕೈಬೆರಳುಗಳಿಗೆ ಸ್ಟುಡಿಯೋದ ಬಣ್ಣ ಇನ್ನೂ ಮೆತ್ತಿತ್ತು. ಬಾಗಿಲಲ್ಲಿ ಚಂದ್ರವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ಈರಣ್ಣನವರ ಮನೆ ಇದೇ ಅಲ್ವಾ, ಅಮ್ಮ?"

"ಯಾವ ಈರಣ್ಣಪ್ಪಾ?"

"ನಿಮ್ಮ ಮಗ ಅಲ್ವಾ? ಆಸ್ಪತ್ರೆಯಲ್ಲಿ ಬಸವಂತಪ್ಪ ಅಂತ ಬರೆಸಿದ್ದಾರೆ. ಮನೆಯಲ್ಲಿ ನೀವೆಲ್ಲ ಈರಣ್ಣ ಅಂತ ಕರೆಯುವುದಂತೆ."

"ಯಾರ ಹೇಳಿದ್ರು ನಿನಗ? ನನ್ನ ಮಗಾ ಹುಟ್ಟಿದಾಗಿಂದ ಬಸವಂತ. ನಮ್ಮ ಮನಿತನದಾಗ ಈರಣ್ಣ ಅನ್ನಾವ ಯಾವನೂ ಇಲ್ಲ."

ಚಂದ್ರವ್ವನ ಹಿಂದೆ, ಒಲೆಯ ಬಳಿ, ರಾಚವ್ವ ಎದ್ದು ನಿಂತಿದ್ದಳು. ಒಳಗಿನ ಕೋಣೆಯಿಂದ ಬಸವಂತಪ್ಪ ಬಂದ. ಸದಾನಂದ ಒಬ್ಬರ ನಂತರ ಒಬ್ಬರನ್ನು ನೋಡಿದ. ಅವತ್ತು ಮೇಜಿನ ಬಳಿ ತಾನು ಏನನ್ನು ಗಟ್ಟಿಯಾಗಿ ಓದಿದೆ ಎಂಬುದು ಅವನಿಗೆ ಆಗ ತಿಳಿಯಿತು. ಅವನ ಕಿವಿಯವರೆಗೆ ಕೆಂಪೇರಿತು.

"ತಪ್ಪಾಯಿತಮ್ಮ," ಎಂದು ತೊದಲಿದ. "ಅದು... ಬೇರೆ ಯಾರದೋ ಹೆಸರು. ನನಗೇ ಅದಲುಬದಲಾಯಿತು. ಡಾಕ್ಟರು ಹೇಳಿ ಕಳಿಸಿದ್ದಾರೆ, ಅಷ್ಟೇ. ಹಾಸಿಗೆ ಇಟ್ಟು ಕಾದರು, ನೀವು ಬರಲಿಲ್ಲ. ಇನ್ನು ತಡ ಮಾಡಿದರೆ ಅಕ್ಕನ ಜೀವಕ್ಕೇ ಅಪಾಯ ಅಂತ ಹೇಳಿದರು."

"ಜೀವಕ್ಕ?" ಚಂದ್ರವ್ವ ಮೊರ ಕೆಳಗಿಟ್ಟು ಮಗನ ಕಡೆ ತಿರುಗಿದಳು. "ನೀ ಏನೂ ಇಲ್ಲ ಅಂದ್ಯಲ್ಲೋ?"

ಒಲೆಯ ಬಳಿ ನಿಂತಿದ್ದ ರಾಚವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವ್ವ ಕಲಿಸಿದ ಸುಳ್ಳು ತನ್ನದು, ಆಸ್ಪತ್ರೆಯ ಸುಳ್ಳು ಗಂಡನದು, ಈಗ ಸಂಬಂಧವೇ ಇಲ್ಲದ ಈ ಹುಡುಗನೂ ತನ್ನ ತೋಳಿಗಾಗಿ ಬಾಗಿಲಲ್ಲಿ ನಿಂತು ಸುಳ್ಳು ಹೇಳುತ್ತಿದ್ದಾನೆ. ರಾಚವ್ವನಿಗೆ ಇನ್ನು ಸಹಿಸಲಾಗಲಿಲ್ಲ.

"ಹೆಸರು ಅವರಿಗೆ ತಪ್ಪಿಲ್ರಿ, ಅತ್ತಿ," ಎಂದಳು. "ಈರಣ್ಣ ಅನ್ನಾವ ನನ್ನ ಮೊದಲಿನ ಗಂಡ. ಸಣ್ಣಾಕಿದ್ದಾಗ ಲಗ್ನಾಗಿತ್ತು. ಸತ್ತಹೋದ. ಅವನ ಹೆಸರು ಈ ತೋಳಿನಮ್ಯಾಲೈತಿ. ನಿಮಗ ಮುಚ್ಚಿಟ್ಟು ಕೊಟ್ರು. ನಾನೂ ಮುಚ್ಚಿಟ್ಟೆ."

ಗ್ಯಾಲರಿಯಲ್ಲಿ ಪಕ್ಕದ ಮನೆಯವರ ಬಾಗಿಲು ತೆರೆದಿತ್ತು. ಅವರಿಗೆ ಕನ್ನಡ ಬಾರದೆಂಬುದೊಂದೇ ಪುಣ್ಯ. ಚಂದ್ರವ್ವ ಸೊಸೆಯನ್ನು ಬಿಟ್ಟು ಮಗನನ್ನು ಕೇಳಿದಳು:

"ನಿನಗ ಗೊತ್ತಿತ್ತೇನು?"

"ಆಸ್ಪತ್ರ್ಯಾಗ ಗೊತ್ತಾತು."

"ಗೊತ್ತಾದಮ್ಯಾಲೆ ಕರಕೊಂಡು ಹೋಗೂದು ಬಿಟ್ಟಿ."

ಅವನು ಚೌಕಟ್ಟು ಹಿಡಿದುಕೊಂಡ.

"ಸಾಯ್ಲಿ ಅಂತ ಬಿಟ್ಟೇನೋ?"

"ಇಲ್ಲವ್ವಾ," ಎಂದ ಬಸವಂತಪ್ಪ. ಆ ದನಿ ಪಕ್ಕದಲ್ಲಿದ್ದ ಸದಾನಂದನಿಗೂ ಸರಿಯಾಗಿ ಕೇಳಿಸಲಿಲ್ಲ. ಅವನು ಹಾಗೆಂದು ಯೋಚಿಸಿರಲಿಲ್ಲ. ಮತ್ತೆ ಆ ಮೇಜಿನ ಮುಂದೆ ಹೋಗಿ ಆ ಹೆಸರಿಗೆ ಓಗೊಡಬೇಕಲ್ಲ ಎಂಬುದನ್ನಷ್ಟೇ ಯೋಚಿಸಿದ್ದ, ವಾರದಿಂದ ವಾರಕ್ಕೆ. ಆದರೆ ಅವ್ವ ಕೇಳಿದ ಮೇಲೆ ಎರಡರ ನಡುವೆ ಏನು ವ್ಯತ್ಯಾಸವಿತ್ತೆಂದು ಅವನಿಗೆ ಹೇಳಲಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ.

"ನಮ್ಮ ಮನಿಗೆ ಮೋಸ ಆಗೇತಿ," ಎಂದಳು ಚಂದ್ರವ್ವ. "ಆ ಮಾತು ಆಮ್ಯಾಲ ಆಡೂಣು. ನಾಳೆ ಆಕಿನ್ನ ದವಾಖಾನಿಗೆ ಒಯ್ಯಿ." ರಾಚವ್ವನಿಗೆ ಮಾತ್ರ ಒಂದೇ ಮಾತು: "ಇನ್ನಮ್ಯಾಲೆ ದೇವರ ಜಗಲಿ ನೀ ಮುಟ್ಟಬ್ಯಾಡ, ಪೂಜಿ ನಾ ಮಾಡ್ತೇನಿ."

ಮರುದಿನ ಡಾಕ್ಟರ್ ಕರ್ಣಿಕ್ ಚಿತ್ರವನ್ನು ಮೇಜಿನ ಮೇಲೆ ಹಾಸಿ ಎಷ್ಟು ಅಗಲ ಕತ್ತರಿಸಬೇಕೆಂದು ಗೆರೆ ಹಾಕುತ್ತಿದ್ದಾಗ ಬಸವಂತಪ್ಪ ಎದುರಿಗೆ ಹೋಗಿ ನಿಂತ. ಅವತ್ತು ತಾನು ಸುಳ್ಳು ಹೇಳಿದೆನೆಂದೂ ಈರಣ್ಣ ತಾನಲ್ಲವೆಂದೂ ತಪ್ಪುತಪ್ಪಾದ ಮರಾಠಿಯಲ್ಲಿ ಹೇಳಿದ. ವಿದ್ಯಾರ್ಥಿಗಳೂ ಅಲ್ಲೇ ಇದ್ದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಇದರಲ್ಲಿ ಮಸಿ ಎಲ್ಲಿದೆ, ರೋಗ ಎಲ್ಲಿದೆ ಅನ್ನುವುದಷ್ಟೇ ನನಗೆ ಬೇಕಾದದ್ದು," ಎಂದು, ಚಿತ್ರದ ಕೆಳಗಿನ ಸಾಲನ್ನು ರಬ್ಬರಿನಿಂದ ಉಜ್ಜಿ ತೆಗೆದರು. ಆಮೇಲೆ ಸ್ವಲ್ಪ ಗಡುಸಾಗಿಯೇ ಸೇರಿಸಿದರು: "ಆದರೆ ನೀವು ಇಷ್ಟು ವಾರ ಕಳೆಯಬಾರದಿತ್ತು."

ತೋಳಿನಿಂದ ಕಲೆಯನ್ನು ಪೂರ್ತಿ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ರಾಚವ್ವ ಬಹಳ ದಿನ ವಾರ್ಡಿನಲ್ಲಿದ್ದಳು. ಬಸವಂತಪ್ಪ ದಿನವೂ ಗಿರಣಿ ಮುಗಿಸಿ ಬಂದು, ಡಬ್ಬಿಯಲ್ಲಿ ತಂದ ಗಂಜಿ ಕೊಟ್ಟು, ಹಾಸಿಗೆಯ ಕಾಲಕಡೆ ಕೂತು ಹೋಗುತ್ತಿದ್ದ. ಮಾತು ಕಡಿಮೆ.

ಒಮ್ಮೆ ಹಗಲುಹೊತ್ತಿನಲ್ಲಿ ಸದಾನಂದ ಬಂದ. ಮಂಚದಿಂದ ದೂರವೇ ನಿಂತ.

"ಅಕ್ಕ, ನನ್ನ ಬಾಯಿಯಿಂದ ನಿಮ್ಮ ಮನೆ ಹಾಳಾಯಿತು."

"ನೀವು ಓದಿದ್ರಿ, ತಮ್ಮಾ. ಬರದಾವ್ರು ಬ್ಯಾರೆ," ಎಂದಳು ರಾಚವ್ವ. ಆಮೇಲೆ ಕೇಳಿದಳು, "ಅಕ್ಷರ ಚಲೋ ಇದ್ವೇನು?"

"ಬಹಳ ಚೆಂದ ಇದ್ದವು. ದುಂಡುದುಂಡಾಗಿ. ಬರೆಯುವ ಕೈ ಪಳಗಿದವರದ್ದು."

ರಾಚವ್ವ ಚಾದರ ಮುಖದ ಮೇಲೆ ಎಳೆದುಕೊಂಡಳು. ಹೆಸರು ಹೋದರೆ ಹಗುರಾದೀತೆಂದು ಅವಳು ತಿಳಿದಿದ್ದಳು. ಹಾಗಾಗಲಿಲ್ಲ. ಬಾವಿಕಟ್ಟೆಯ ಮೇಲೆ ತನ್ನ ಪಕ್ಕ ಬೋರಲು ಮಲಗಿದ್ದ ಹುಡುಗನನ್ನು ಅವ್ವ ಒಮ್ಮೆ ಸುಟ್ಟಿದ್ದಳು. ಈಗ ತಾನೂ ಕೊಯ್ಯಿಸಿ ತೆಗೆಸಿದ್ದಳು. ಬದುಕಿರುವ ಗಂಡನ ಮುಂದೆ ನಾಚಿಕೆ, ಸತ್ತ ಹುಡುಗನ ಮುಂದೆಯೂ ನಾಚಿಕೆ. ಮಗನ ಹೆಸರನ್ನು ಅಷ್ಟು ಅಂದವಾಗಿ ಬರೆದ ಆ ಮಾಸ್ತರರು ಆಮೇಲೆ ಹೇಗೆ ಬದುಕಿದರೋ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ರೋಗ ತಿರುಗಿ ಬರಲಿಲ್ಲ. ಡಾಕ್ಟರು ಆರು ತಿಂಗಳಿಗೊಮ್ಮೆ ಕಂಕುಳು ಒತ್ತಿ ನೋಡಿ, ಗಾಯದ ಸುತ್ತ ಎಣ್ಣೆ ಹಚ್ಚಿ ದುರ್ಬೀನಿನಲ್ಲಿ ಹುಡುಕಿ, ಏನೂ ಇಲ್ಲವೆಂದು ಕಳಿಸುತ್ತಿದ್ದರು. ಚಂದ್ರವ್ವ ಸೊಸೆಯನ್ನು ಮನೆ ಬಿಡಿಸಲಿಲ್ಲ, ಊರಿಗೂ ಬರೆಯಲಿಲ್ಲ. ಆದರೆ ದೇವರ ಜಗಲಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಎರಡು ವರ್ಷಗಳ ನಂತರ ದಾದರಿನಲ್ಲಿ ಬಸವಂತಪ್ಪನ ಸೋದರಮಾವನ ಮಗಳ ಮದುವೆಯಾಯಿತು. ಆರತಿಗೆಂದು ಮುತ್ತೈದೆಯರನ್ನು ಕರೆದರು. ಏನೂ ತಿಳಿಯದ ಯಾರೋ ತಟ್ಟೆಯನ್ನು ರಾಚವ್ವನ ಕೈಗೆ ಕೊಡಲು ಬಂದರು. ಅವಳು ಕೈ ಮುಂದೆ ಮಾಡುವ ಮೊದಲೇ ಚಂದ್ರವ್ವ, "ಆಕಿಗೆ ಬ್ಯಾಡ. ತೋಳು ನೋವೈತಿ," ಎಂದಳು. ತಟ್ಟೆ ಮುಂದಕ್ಕೆ ಹೋಯಿತು. ರಾಚವ್ವ ಹೆಂಗಸರ ಗುಂಪಿನ ಹಿಂದಕ್ಕೆ ಸರಿದು ಕಂಬಕ್ಕೆ ಒರಗಿ ನಿಂತಳು. ಗಂಡಸರ ಸಾಲಿನಲ್ಲಿದ್ದ ಬಸವಂತಪ್ಪ ಅದನ್ನು ನೋಡಿದ. ಅವಳೂ ಅವನು ನೋಡಿದ್ದನ್ನು ನೋಡಿದಳು. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಅಕ್ಕಿಕಾಳನ್ನು ಎಣಿಸುವವನ ಹಾಗೆ ಆಡಿಸುತ್ತ ನಿಂತ.

ಊಟ ಮುಗಿಸಿಕೊಂಡು, ಚಂದ್ರವ್ವನನ್ನು ಮದುವೆ ಮನೆಯಲ್ಲೇ ಬಿಟ್ಟು, ಇಬ್ಬರೂ ದಾದರ್ ಸ್ಟೇಷನ್ನಿಗೆ ನಡೆದರು. ಪ್ಲ್ಯಾಟ್‌ಫಾರ್ಮಿನ ಮೇಲೆ ಬಿಸಿಲಿತ್ತು. ಬಸವಂತಪ್ಪ ಹಳಿಗಳನ್ನೇ ನೋಡುತ್ತ ಹೇಳಿದ:

"ಅಲ್ಲೆ ನಾ ಮಾತಾಡಬೇಕಾಗಿತ್ತು."

"ಏನಂತ?"

"ಏನರೆ."

ಬೋರಿವಲಿ ಗಾಡಿ ಬರುವುದು ಕಾಣಿಸಿತು. ಅವಳು ಹೆಂಗಸರ ಡಬ್ಬಿ ನಿಲ್ಲುವ ಕಡೆಗೆ ಹೆಜ್ಜೆ ಹಾಕಿದಳು. ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡು, ಡಬ್ಬಿಯ ಬಾಗಿಲವರೆಗೆ ಜೊತೆಗೆ ಬಂದು, ಅವಳು ಕೂತ ಮೇಲೆ ಕಿಟಕಿಯಿಂದ ಚೀಲ ಕೊಟ್ಟು, ತನ್ನ ಡಬ್ಬಿಗೆ ಓಡಿದ.